ಮೋಸವಿಲ್ಲದ ಜೂಜಿನ ಲೆಕ್ಕಪತ್ರ

ಕ್ರ್ಯಾಶ್ ಎಂಬ ಆನ್‌ಲೈನ್ ಜೂಜಾಟದ ಮಾತು ಬಂದಾಗಲೆಲ್ಲ ನಮ್ಮ ಕಲಬುರಗಿಯ ಹಿರಿಯರು ಒಂದೇ ತೀರ್ಪು ಕೊಡುತ್ತಾರೆ: ಅದೆಲ್ಲ ಮೋಸ, ಕಂಪ್ಯೂಟರಿನ ಹಿಂದೆ ಕೂತವನು ತನಗೆ ಬೇಕಾದಾಗ ಆಟ ನಿಲ್ಲಿಸಿ ದುಡ್ಡು ಹೊಡೆಯುತ್ತಾನೆ. ಆಡುವ ಹುಡುಗರು ಈ ಮಾತಿಗೆ ಒಳಗೊಳಗೇ ನಗುತ್ತಾರೆ, ಏಕೆಂದರೆ ಅದು ತಪ್ಪೆಂದು ತೋರಿಸುವ ಸಾಧನ ಅವರ ಮೊಬೈಲಿನಲ್ಲೇ ಇರುತ್ತದೆ. ಹಾಗೆ ನಕ್ಕ ಮೇಲೆ ಹಿರಿಯರು ಹೇಳುವ ಉಳಿದ ಬುದ್ಧಿಮಾತು ಕೂಡ ಅವರ ಕಿವಿಗೆ ಬೀಳುವುದಿಲ್ಲ. ನೆಹರೂ ಗಂಜ್‌ನ ಕೆಲವು ಅಡತ್ ಅಂಗಡಿಗಳ, ಒಂದೆರಡು ದಾಲ್ ಮಿಲ್‌ಗಳ ಲೆಕ್ಕಪತ್ರ ಮತ್ತು ತೆರಿಗೆ ರಿಟರ್ನ್ ನೋಡಿಕೊಳ್ಳುವುದು ನನ್ನ ಕಸುಬು. ಈಚಿನ ವರ್ಷಗಳಲ್ಲಿ ಆ ಮನೆಗಳ ಮಕ್ಕಳ ಬ್ಯಾಂಕ್ ಸ್ಟೇಟ್‌ಮೆಂಟುಗಳೂ ನನ್ನ ಟೇಬಲ್ಲಿಗೆ ಬರತೊಡಗಿವೆ. ಅವನ್ನು ನೋಡಿ ನನಗೆ ಮನವರಿಕೆಯಾದದ್ದು ಹಿರಿಯರ ಮಾತಿಗೆ ತದ್ವಿರುದ್ಧವಾಗಿದೆ. ಮೋಸ ಮಾಡುವ ತಾಣಗಳು ಬೇಕಾದಷ್ಟಿವೆ, ಅದು ಬೇರೆ ಮಾತು. ಆದರೆ ಒಂದಿಷ್ಟೂ ಮೋಸವಿಲ್ಲದೆ, ಹೇಳಿದ ನಿಯಮದಂತೆಯೇ ನಡೆಯುವ ತಾಣವೇ ಮನೆಯನ್ನು ಹೆಚ್ಚು ಖಾಲಿ ಮಾಡಬಲ್ಲದು.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಪರದೆಯ ಮೇಲೆ 1.00 ಎಂಬ ಅಂಕಿ ಇರುತ್ತದೆ. ಆಟ ಶುರುವಾಗುವ ಮೊದಲಿನ ಕೆಲವೇ ಸೆಕೆಂಡುಗಳಲ್ಲಿ ಹಣ ಕಟ್ಟಬೇಕು. ಶುರುವಾದೊಡನೆ ಅಂಕಿ ಏರತೊಡಗುತ್ತದೆ: 1.20, 1.75, 2.40, ಮೊದಮೊದಲು ನಿಧಾನವಾಗಿ, ಆಮೇಲೆ ರಭಸವಾಗಿ. ಯಾವ ಕ್ಷಣದಲ್ಲಾದರೂ ಅದು ಕ್ರ್ಯಾಶ್ ಆಗಬಹುದು. ಅದಕ್ಕೆ ಮೊದಲು ಗುಂಡಿ ಒತ್ತಿದರೆ ಕಟ್ಟಿದ ಹಣ ಅಷ್ಟು ಪಟ್ಟು ಆಗಿ ಕೈಸೇರುತ್ತದೆ, ತಡವಾದರೆ ಪೂರಾ ಹೋಗುತ್ತದೆ. ಇದಿಷ್ಟೇ ಆಟ. ಇಸ್ಪೀಟಿಗಿರುವಷ್ಟು ನಿಯಮವೂ ಇದಕ್ಕಿಲ್ಲ.

ಇದು ಬೆಳೆದು ಬಂದ ಬಗೆ ಸ್ವಾರಸ್ಯಕರವಾಗಿದೆ. 2012ರಲ್ಲಿ ಸತೋಷಿಡೈಸ್ ಎಂಬ ಬಿಟ್‌ಕಾಯಿನ್ ದಾಳದ ತಾಣ ಬಂದಾಗ, ಫಲಿತಾಂಶವನ್ನು ಆಡುವವನೇ ಪರೀಕ್ಷಿಸಬಹುದು ಎಂಬ ವಿಚಾರಕ್ಕೆ ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಗಿರಾಕಿಗಳು ಸಿಕ್ಕರು. 2014ರಲ್ಲಿ ಮನಿಪಾಟ್ ಎಂಬ ಹೆಸರಿನಲ್ಲಿ ಹುಟ್ಟಿ, ಆಮೇಲೆ ಬಸ್ಟಾಬಿಟ್ ಎಂದು ಹೆಸರು ಬದಲಿಸಿಕೊಂಡ ತಾಣವು ಕ್ರ್ಯಾಶ್ ಆಟಕ್ಕೆ ಇಂದಿನ ರೂಪ ಕೊಟ್ಟಿತು. ಅದರ ಮೊದಲ ಆವೃತ್ತಿಯ ಸೋರ್ಸ್ ಕೋಡ್ ಬಹಿರಂಗವಾಗಿಯೇ ಸಿಗುತ್ತಿದ್ದುದರಿಂದ ನಕಲು ತಾಣಗಳು ಏಳುವುದಕ್ಕೆ ತಡವಾಗಲಿಲ್ಲ. 2017ರಲ್ಲಿ ಸ್ಟೇಕ್ ಎಂಬ ಕ್ರಿಪ್ಟೊ ಜೂಜಿನ ತಾಣ ಬಂತು. 2019ರಲ್ಲಿ ಜಾರ್ಜಿಯಾ ದೇಶದಲ್ಲಿ ಬೇರುಳ್ಳ ಸ್ಪ್ರೈಬ್ ಎಂಬ ಕಂಪನಿ ಏರುವ ಗೆರೆಯ ಜಾಗದಲ್ಲಿ ಒಂದು ಕೆಂಪು ವಿಮಾನ ಕೂರಿಸಿ ಏವಿಯೇಟರ್ ಎಂಬ ಹೆಸರಿಟ್ಟಿತು. ನಮ್ಮ ಕಡೆಯ ಹುಡುಗರು 'ವಿಮಾನದ ಆಟ' ಎನ್ನುವುದು ಇದನ್ನೇ. 2024ರ ಹೊತ್ತಿಗೆ ಫಾರ್ಮುಲಾ ಒನ್ ರೇಸಿನ ತಂಡವೊಂದರ ಹೆಸರಿನಲ್ಲೇ ಸ್ಟೇಕ್ ಇತ್ತು. ಅದಕ್ಕೆ ಹನ್ನೆರಡು ವರ್ಷ ಹಿಂದೆ ಬಿಟ್‌ಕಾಯಿನ್ ಹುಚ್ಚಿನ ನಾಲ್ಕು ಜನರ ಕಾಲಕ್ಷೇಪವಾಗಿದ್ದದ್ದು ಹೀಗೆ ಟಿವಿಯಲ್ಲಿ ಕಾಣುವ ವ್ಯಾಪಾರವಾಯಿತು.

ಈಗ ಮೋಸವಿಲ್ಲ ಎಂಬುದರ ಒಳಗುಟ್ಟು. ಬಸ್ಟಾಬಿಟ್ ಒಂದು ಗುಪ್ತ ಸಂಖ್ಯೆಯನ್ನು ಎಸ್‌ಎಚ್‌ಎ-256 ಎಂಬ ಗಣಿತ ವಿಧಾನಕ್ಕೆ ಒಳಪಡಿಸಿ, ಬಂದ ಉತ್ತರವನ್ನು (ಇದಕ್ಕೆ ಹ್ಯಾಶ್ ಎಂದು ಹೆಸರು) ಮತ್ತೆ ಅದಕ್ಕೇ ಒಳಪಡಿಸಿ, ಹೀಗೆ ಒಂದೊಂದು ಉತ್ತರ ಒಂದೊಂದು ಆಟದ ಕ್ರ್ಯಾಶ್ ಅಂಕಿಯನ್ನು ನಿರ್ಧರಿಸುವ, ಒಂದು ಕೋಟಿ ಆಟಗಳಿಗೆ ಸಾಕಾಗುವ ಸರಪಳಿಯನ್ನು ಮೊದಲೇ ತಯಾರಿಸಿಟ್ಟುಕೊಂಡಿತು. ಸರಪಳಿಯ ಕೊನೆಯ ಕೊಂಡಿಯನ್ನು ಎಲ್ಲರಿಗೂ ಪ್ರಕಟಿಸಿ, ಆಟಗಳನ್ನು ಸರಪಳಿಯ ಕೊನೆಯಿಂದ ಮೊದಲಿನ ಕಡೆಗೆ ಬಿಡಿಸುತ್ತ ಬಂದಿತು. ಈ ವಿಧಾನ ಒಂದೇ ದಿಕ್ಕಿನಲ್ಲಿ ನಡೆಯುವಂಥದು: ಇಂದಿನ ಆಟದ ಸಂಖ್ಯೆಯಿಂದ ನಿನ್ನೆಯ ಆಟದ ಸಂಖ್ಯೆ ಯಾರಿಗಾದರೂ ಸಿಗುತ್ತದೆ, ನಾಳೆಯದು ಯಾರಿಗೂ ಸಿಗುವುದಿಲ್ಲ. ಆದ್ದರಿಂದ ಮಾಲೀಕ ನಡುವೆ ಒಂದು ಫಲಿತಾಂಶ ಬದಲಿಸಿದರೂ ಸರಪಳಿ ತುಂಡಾಗಿ ಸಿಕ್ಕಿಬೀಳುತ್ತಾನೆ. ತನಗೆ ಅನುಕೂಲವಾದ ಸರಪಳಿಯನ್ನೇ ಆರಿಸಿಕೊಂಡಿರಬಹುದಲ್ಲ ಎಂಬ ಅನುಮಾನ ಬರಬಾರದೆಂದು, ಮುಂದೆ ಹುಟ್ಟಲಿರುವ ಒಂದು ಬಿಟ್‌ಕಾಯಿನ್ ಬ್ಲಾಕಿನ (ವಹಿವಾಟುಗಳ ಕಟ್ಟಿನ), ಯಾರೂ ಮೊದಲೇ ಊಹಿಸಲಾಗದ ಹ್ಯಾಶನ್ನು ಇದರೊಳಗೆ ಬೆರೆಸುವುದಾಗಿ ಮೊದಲೇ ಸಾರಿ ಹೇಳಲಾಗಿತ್ತು. ನಿಜ ಹೇಳಬೇಕೆಂದರೆ ಇದು ಬಹಳ ಅಚ್ಚುಕಟ್ಟಾದ ಕೆಲಸ. ನಮ್ಮ ಎಷ್ಟೋ ಸಹಕಾರಿ ಸಂಘಗಳ ಲೆಕ್ಕ ಇಷ್ಟು ಪಾರದರ್ಶಕವಾಗಿದ್ದರೆ ನನ್ನ ಅರ್ಧ ಕೆಲಸ ಕಡಿಮೆಯಾಗುತ್ತಿತ್ತು.

ಇಷ್ಟೆಲ್ಲ ಪ್ರಾಮಾಣಿಕತೆಯ ಒಳಗೆ ಮಾಲೀಕನ ಪಾಲು ಎಲ್ಲಿದೆ? ಅದು ಸೂತ್ರದಲ್ಲೇ ಇದೆ, ಬಹಿರಂಗವಾಗಿಯೇ ಇದೆ. ಬಸ್ಟಾಬಿಟ್‌ನಲ್ಲಿ ಅಂಕಿಯು ಒಂದು ಮಟ್ಟವನ್ನು ಮುಟ್ಟುವ ಸಂಭವವೆಂದರೆ 0.99ನ್ನು ಆ ಮಟ್ಟದಿಂದ ಭಾಗಿಸಿದಷ್ಟು. ಎರಡು ಪಟ್ಟು ಮುಟ್ಟುವುದು 100ಕ್ಕೆ 49.5 ಸಲ, ಹತ್ತು ಪಟ್ಟು 9.9 ಸಲ, ನೂರು ಪಟ್ಟು ಒಂದು ಸಲಕ್ಕೂ ತುಸು ಕಡಿಮೆ. ಯಾವ ಮಟ್ಟದಲ್ಲಿ ಗುಂಡಿ ಒತ್ತಿ ಇಳಿದರೂ ಕಟ್ಟಿದ ಪ್ರತಿ 100 ರೂಪಾಯಿಗೆ ಸರಾಸರಿ 99 ರೂಪಾಯಿ ಮಾತ್ರ ವಾಪಸು. ಏವಿಯೇಟರ್‌ನಲ್ಲಿ ಇದು 97 ರೂಪಾಯಿ. ಬೇಗ ಇಳಿಯುವವನು ಜಾಣ, ಕಾಯುವವನು ಧೈರ್ಯಶಾಲಿ ಎಂಬ ಮಾತಿಗೆಲ್ಲ ಇಲ್ಲಿ ಅರ್ಥವಿಲ್ಲ, ಇಬ್ಬರಿಗೂ ಬೀಳುವ ಖೋತಾ ಒಂದೇ. ಇನ್ನೂ ಒಂದು ಸಂಗತಿ: ಅಂಕಿ 2ನ್ನು ದಾಟಿ ನಿಂತಾಗ ಅದು 4ಕ್ಕೆ ಹೋಗುವ ಸಂಭವ ಅರ್ಧ, 20ನ್ನು ದಾಟಿದಾಗ 40ಕ್ಕೆ ಹೋಗುವ ಸಂಭವವೂ ಅರ್ಧವೇ. ಇಷ್ಟು ಮೇಲೇರಿದ್ದರಿಂದ ಇನ್ನು ಬೀಳುತ್ತದೆ, ಮೂರು ಸಲ ಬೇಗ ಬಿದ್ದದ್ದರಿಂದ ಈಗ ಏರುತ್ತದೆ ಎಂಬ ಲೆಕ್ಕಾಚಾರ ಆ ಸರಪಳಿಗೆ ಗೊತ್ತೇ ಇಲ್ಲ. ಆದರೂ ಪರದೆಯ ಮೇಲ್ತುದಿಯಲ್ಲಿ ಹಿಂದಿನ ಆಟಗಳ ಅಂಕಿಗಳನ್ನು ಬಣ್ಣಬಣ್ಣವಾಗಿ ಸಾಲಾಗಿ ತೋರಿಸುತ್ತಾರೆ. ಮಟಕಾದ ಹಳೆಯ ಚಾರ್ಟ್ ಹಿಡಿದು ಇಂದಿನ ಅಂಕಿ ಹೇಳುತ್ತಿದ್ದ ಪಂಡಿತರನ್ನು ಕಂಡವರಿಗೆ ಆ ಸಾಲು ಯಾಕಿದೆ ಎಂದು ವಿವರಿಸಬೇಕಾಗಿಲ್ಲ.

ಗುಂಡಿ ಒತ್ತುವ ಕೈ ತನ್ನದೇ ಆಗಿರುವುದರಿಂದ ಈ ಆಟ ಲಾಟರಿಗಿಂತ ಆಳಕ್ಕೆ ಇಳಿಯುತ್ತದೆ. 1.80ಕ್ಕೆ ಹಣ ತೆಗೆದುಕೊಂಡವನ ಕಣ್ಣೆದುರೇ ಅಂಕಿ 30, 40 ಎಂದು ಹೋಗುತ್ತಿರುತ್ತದೆ. ಗೆದ್ದವನೂ ಅಲ್ಲಿ ಸೋತವನಂತೆ ಕೂತಿರುತ್ತಾನೆ. ಮುಂದಿನ ಸಲ ತಡೆದು ಕಾದರೆ 1.79ಕ್ಕೇ ಬೀಳುತ್ತದೆ, ಆಗ ಕಾದದ್ದೇ ತಪ್ಪಾಗಿ ಕಾಣುತ್ತದೆ. ಎರಡೂ ಸಲ ತಪ್ಪು ಆಟದ್ದಲ್ಲ, ತನ್ನದು, ಇನ್ನೊಮ್ಮೆ ಸರಿಪಡಿಸಿಕೊಳ್ಳಬಹುದು ಎನ್ನಿಸುತ್ತದೆ. ಪಕ್ಕದಲ್ಲಿ ಬೇರೆಯವರು ಎಷ್ಟು ಕಟ್ಟಿ ಎಷ್ಟಕ್ಕೆ ಇಳಿದರು ಎಂಬ ಪಟ್ಟಿ ಬೇರೆ ಓಡುತ್ತಿರುತ್ತದೆ. ಅದರಲ್ಲಿ ಯಾವಾಗಲೂ ತನಗಿಂತ ಚೆನ್ನಾಗಿ ಇಳಿದವನೊಬ್ಬ ಇದ್ದೇ ಇರುತ್ತಾನೆ.

ಮಟಕಾದೊಡನೆ ಇಟ್ಟು ನೋಡಿದರೆ ನಾನು ಹೇಳುವುದು ಸ್ಪಷ್ಟವಾಗುತ್ತದೆ. ನಮ್ಮ ಜಿಲ್ಲೆಗೆ ಮಟಕಾ ಹೊಸದಲ್ಲ; ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 78(3)ರ ಪ್ರಕರಣಗಳು ಇಲ್ಲಿನ ಪತ್ರಿಕೆಯ ಒಳಪುಟಗಳಲ್ಲಿ ಬರುತ್ತಲೇ ಇರುತ್ತವೆ. ಸಿಂಗಲ್ ಅಂಕಿಗೆ ವಾಡಿಕೆಯ ದರ ಒಂದಕ್ಕೆ ಒಂಬತ್ತು. ಹತ್ತು ಅಂಕಿಗಳಲ್ಲಿ ಒಂದು ಬರುವಾಗ ಒಂಬತ್ತೇ ಕೊಟ್ಟರೆ ಬುಕ್ಕಿ 100ಕ್ಕೆ 10 ರೂಪಾಯಿ ಇಟ್ಟುಕೊಂಡ ಹಾಗೆ. ಕ್ರ್ಯಾಶ್ ತಾಣ ಇಟ್ಟುಕೊಳ್ಳುವುದು 1 ಅಥವಾ 3. ಮೇಲ್ನೋಟಕ್ಕೆ ಮಟಕಾ ದುಬಾರಿ. ಆದರೆ ಒಂದು ಬಜಾರಿನ ಮಟಕಾದಲ್ಲಿ ಓಪನ್ನು, ಕ್ಲೋಸು ಎಂದು ದಿನಕ್ಕೆ ಎರಡೇ ಅವಕಾಶ. ಎರಡಕ್ಕೂ ನೂರು ನೂರು ಕಟ್ಟಿದವನು ದಿನಕ್ಕೆ ಸರಾಸರಿ 20 ರೂಪಾಯಿ ಕಳೆದುಕೊಳ್ಳುತ್ತಾನೆ. ಬಸ್ಟಾಬಿಟ್‌ನ ಬಹಿರಂಗ ಕೋಡಿನ ಪ್ರಕಾರ ಅಂಕಿ ಎರಡು ಪಟ್ಟಾಗಲು ಬೇಕಾದದ್ದು ಸುಮಾರು 11.5 ಸೆಕೆಂಡು, ಹತ್ತು ಪಟ್ಟಾಗಲು 38. ನಡುವಿನ ಬಿಡುವು ಸೇರಿಸಿದರೂ ಗಂಟೆಗೆ 150ರ ಆಸುಪಾಸು ಆಟಗಳಾಗುತ್ತವೆ. ಪ್ರತಿ ಆಟಕ್ಕೆ ಅದೇ ನೂರು ರೂಪಾಯಿ ಕಟ್ಟಿದರೆ ಗಂಟೆಯಲ್ಲಿ ಓಡಾಡಿದ ಹಣ 15,000. ಶೇಕಡಾ 1ರಂತೆ 150 ರೂಪಾಯಿ, ಶೇಕಡಾ 3ರಂತೆ 450 ರೂಪಾಯಿ ಖೋತಾ. ಮಟಕಾದವನು ವಾರಗಟ್ಟಲೆ ಕಳೆಯುವುದನ್ನು ಇವನು ರಾತ್ರಿ ಊಟ ಮುಗಿಸಿ ಮಲಗುವುದರೊಳಗೆ ಕಳೆದಿರುತ್ತಾನೆ, ಅದೂ ಒಂದು ಪೈಸೆಯ ಮೋಸವಿಲ್ಲದೆ.

ನನ್ನ ಬಳಿ ಬಂದ ಹುಡುಗನೊಬ್ಬ, ಎಂಜಿನಿಯರಿಂಗ್ ಓದುವವನು, ಬುದ್ಧಿವಂತ, ಮೊದಲು ವಾದಿಸಿದ್ದು ಇದನ್ನೇ: "ಸರ್, ಮೋಸ ಇದ್ರ ನಾ ಯಾಕ ಆಡ್ತಿದ್ದೆ? ಹ್ಯಾಶ್ ಹಾಕಿ ಚೆಕ್ ಮಾಡೀನ್ರಿ, ಎಲ್ಲಾ ಸರಿ ಬರ್ತದ." ಸರಿಯೇ ಬರುತ್ತಿತ್ತು, ಅದರಲ್ಲಿ ನನಗೆ ತಕರಾರಿಲ್ಲ. ಅವನು ತಾಣಕ್ಕೆ ಹಾಕಿದ ಹಣ ಸುಮಾರು 40 ಸಾವಿರ, ಎಲ್ಲ ಹೋಗಿ ಉಳಿದದ್ದು ಚಿಲ್ಲರೆ. ಅವನ ಖಾತೆಯ ಇತಿಹಾಸದಲ್ಲಿ ಒಟ್ಟು ಕಟ್ಟಿದ ಮೊತ್ತ ಎಂಬ ಒಂದು ಸಾಲಿತ್ತು, ಅದು 12 ಲಕ್ಷ ದಾಟಿತ್ತು. ಗೆದ್ದದ್ದನ್ನೇ ಮತ್ತೆ ಮತ್ತೆ ಕಟ್ಟಿ ಅದೇ 40 ಸಾವಿರವನ್ನು ಮೂವತ್ತು ಸುತ್ತು ತಿರುಗಿಸಿದ್ದ. ತಾಣದ ನಿಯಮಗಳ ಪುಟದಲ್ಲಿ 97 ವಾಪಸು ಎಂದು ಬರೆದಿತ್ತು. 12 ಲಕ್ಷಕ್ಕೆ ಶೇಕಡಾ 3 ಎಂದರೆ 36 ಸಾವಿರ. ಕ್ಯಾಲ್ಕುಲೇಟರನ್ನು ಅವನ ಕಡೆಗೆ ತಿರುಗಿಸಿದೆ. ಅದುವರೆಗೆ ತನಗೆ ಅದೃಷ್ಟ ಕೆಟ್ಟಿತ್ತು ಎಂದುಕೊಂಡಿದ್ದವನಿಗೆ, ಅದೃಷ್ಟ ಕೆಡದೆಯೂ ಹೆಚ್ಚುಕಡಿಮೆ ಇಷ್ಟೇ ಹೋಗಬೇಕಿತ್ತು ಎಂಬುದು ಹೊಸ ವಿಷಯವಾಗಿತ್ತು.

ಸೋತಾಗಲೆಲ್ಲ ದುಪ್ಪಟ್ಟು ಕಟ್ಟುವ ಉಪಾಯ ಅವನಿಗೂ ಗೊತ್ತಿತ್ತು. 10 ರೂಪಾಯಿಯಿಂದ ಶುರು ಮಾಡಿ, ಅಂಕಿ ಎರಡು ಪಟ್ಟಾದಾಗ ಇಳಿಯುವ ಲೆಕ್ಕದಲ್ಲಿ ಹೀಗೆ ಕಟ್ಟುತ್ತ ಹೋದವನು ಸತತ ಹತ್ತು ಸಲ ಸೋತರೆ 10,230 ರೂಪಾಯಿ ಹೋಗಿರುತ್ತದೆ, ಬರಬೇಕಾಗಿದ್ದ ಲಾಭ 10 ರೂಪಾಯಿ. ಶೇಕಡಾ 1ರ ತಾಣದಲ್ಲೂ ಅಂಥ ಸರಣಿ ಬರುವ ಸಂಭವ 930ಕ್ಕೊಂದರಷ್ಟು. ಗಂಟೆಗೆ 150 ಆಟಗಳಿರುವಲ್ಲಿ ಇದು ದೂರದ ಮಾತಲ್ಲ. ಇತ್ತ ತಾಣವು ತನ್ನ ಬಂಡವಾಳದ ಸಣ್ಣ ಭಾಗವೊಂದಕ್ಕಿಂತ ಹೆಚ್ಚನ್ನು ಒಂದು ಆಟದಲ್ಲಿ ಯಾರಿಗೂ ಗೆಲ್ಲಲು ಬಿಡುವುದಿಲ್ಲ. ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ 1956ರಲ್ಲಿ ಬರೆದ ಸೂತ್ರವು, ಕೈಯಲ್ಲಿರುವ ಹಣದ ಎಷ್ಟು ಪಾಲನ್ನು ಪಣಕ್ಕಿಡಬಹುದು ಎಂದು ಹೇಳುತ್ತದೆ. ಮಾಲೀಕನ ಕಡೆಯಿಂದ ಲೆಕ್ಕ ಹಾಕಿದರೆ ಅದು ಒಂದು ಸಣ್ಣ ಸಂಖ್ಯೆ ಕೊಡುತ್ತದೆ. ಆಡುವವನ ಕಡೆಯಿಂದ ಹಾಕಿದರೆ ಸೊನ್ನೆಗಿಂತ ಮೇಲೇಳುವುದೇ ಇಲ್ಲ. ಟೆಲಿಗ್ರಾಮಿನಲ್ಲಿ 'ಪ್ರಿಡಿಕ್ಟರ್', 'ಸಿಗ್ನಲ್' ಎಂದು ಮಾರುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಾಣ ಪ್ರಾಮಾಣಿಕವಾಗಿದ್ದರೆ ಮುಂದಿನ ಅಂಕಿ ಹೇಳುವುದು ಸಾಧ್ಯವಿಲ್ಲ. ಹೇಳುವುದು ಸಾಧ್ಯವಿದ್ದರೆ ತಾಣವೇ ಪ್ರಾಮಾಣಿಕವಲ್ಲ.

ಹಣ ಹೋಗುವ ದಾರಿಯೇ ನನ್ನ ಕಸುಬಿಗೆ ನೇರವಾಗಿ ತಾಗುವ ಭಾಗ. ಹುಡುಗರು ಕಟ್ಟುವುದು ಬಹಳ ಸಲ ಬಿಟ್‌ಕಾಯಿನ್ ಅಲ್ಲ, ಡಾಲರಿಗೆ ಸರಿಸಮವೆಂದು ಹೇಳುವ ಯುಎಸ್‌ಡಿಟಿ ಎಂಬ ಕ್ರಿಪ್ಟೊ ನಾಣ್ಯ. 2019ರಲ್ಲಿ ಅದು ಟ್ರಾನ್ ಎಂಬ ಕ್ರಿಪ್ಟೊ ಜಾಲದ ಮೇಲೂ ಬಂದ ನಂತರ ಕಳಿಸುವ ಖರ್ಚು ಇಳಿದು ಸಣ್ಣ ಮೊತ್ತಗಳೂ ಓಡಾಡತೊಡಗಿದವು. ಕೊಳ್ಳುವುದು ಗುರುತಿಲ್ಲದ ವ್ಯಕ್ತಿಯಿಂದ, ಯುಪಿಐ ಮೂಲಕ. ಗೆದ್ದಾಗ ಮಾರುವುದೂ ಹಾಗೆಯೇ. ಹಾಗೆ ಮಾರಿದಾಗ ಬಂದ ಹಣ ಎಲ್ಲೋ ಬೇರೆ ರಾಜ್ಯದಲ್ಲಿ ವಂಚನೆಗೊಳಗಾದವರದ್ದಾಗಿದ್ದರೆ, ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ ಮೇಲೆ ಆ ಹಣ ಹರಿದ ಖಾತೆಗಳಿಗೆಲ್ಲ ಒಂದೊಂದಾಗಿ ತಡೆ ಬೀಳುತ್ತದೆ. ಈ ಹುಡುಗನ ವಿಷಯದಲ್ಲಿ ಆದದ್ದು ಅದೇ. ಖಾತೆ ತಂದೆಯೊಡನೆ ಜಂಟಿಯಾಗಿದ್ದರಿಂದ ತೊಗರಿ ಸೀಜನ್ನಿನ ನಡುವೆ ಅಡತ್ ಅಂಗಡಿಯ ಪೇಮೆಂಟುಗಳೂ ಸಿಕ್ಕಿಹಾಕಿಕೊಂಡವು. ತಂದೆ ಹೇಳಿದ್ದು: "ಮಟಕಾ ಆಡಿದ್ರ ಬುಕ್ಕಿ ಮನಿಗಿ ಬಂದು ರೊಕ್ಕ ಕೇಳ್ತಿದ್ದ, ಓಣಿಗೆಲ್ಲ ಗೊತ್ತಾಗ್ತಿತ್ತು. ಇವ ನನ್ನ ಬಾಜೂಕ ಕುಂತು ಊಟ ಮಾಡ್ಕೋತನೇ ಕಳದಾನ್ರಿ."

ತಾಣಗಳ ಪರವಾನಗಿ ಬಹುಪಾಲು ಕುರಾಸಾವೊದ್ದು. ಕೆರಿಬಿಯನ್ ಸಮುದ್ರದಲ್ಲಿರುವ ಆ ದ್ವೀಪದಲ್ಲಿ ಕಲಬುರಗಿ ನಗರದ ಮೂರನೇ ಒಂದು ಭಾಗದಷ್ಟೂ ಜನರಿಲ್ಲ. ಅಲ್ಲಿಗೆ ದೂರು ಬರೆದು ಕೂರುವ ತಾಳ್ಮೆ ನಮ್ಮ ಯಾವ ಅಡತಿಗೂ ಇಲ್ಲ. ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣದ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ, ಜಾಹೀರಾತು ಮಾಡುವವರಿಗೆ 2 ವರ್ಷ, 50 ಲಕ್ಷದವರೆಗೆ ದಂಡ ಎನ್ನುತ್ತದೆ, ಆಡುವವನನ್ನು ಶಿಕ್ಷಿಸುವುದಿಲ್ಲ. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಹಳೆಯ ಜಗ್ಗಾಟವನ್ನೂ ಅದು ಬದಿಗಿಟ್ಟಿದೆ. ಇದನ್ನು ನಾನು ಸ್ವಾಗತಿಸುತ್ತೇನೆ. ಆದರೆ ಒಂದು ವಿಳಾಸ ಮುಚ್ಚಿದರೆ ಇನ್ನೊಂದು ವಿಳಾಸದಲ್ಲಿ ಏಳುವ ತಾಣವನ್ನು ಹಿಡಿಯುವುದಕ್ಕಿಂತ, ಕಮಿಷನ್ ಆಸೆಗೆ ತಮ್ಮ ಖಾತೆ, ಎಟಿಎಂ ಕಾರ್ಡು, ಸಿಮ್ಮು ಮೂರನ್ನೂ ಬಾಡಿಗೆಗೆ ಕೊಡುವ ನಮ್ಮೂರಿನವರನ್ನು ಹಿಡಿಯುವುದು ಸುಲಭ. ಆ ಕೆಲಸ ಮೊದಲಾಗಬೇಕು. ಕಾಲೇಜುಗಳಲ್ಲಿ ಜಾಗೃತಿ ಭಾಷಣ ಮಾಡಿಸುವ ಬದಲು, ದ್ವಿತೀಯ ಪಿಯುಸಿಯ ಸಂಭವನೀಯತೆಯ ಪಾಠ ನಡೆಯುವಾಗ ಗಣಿತದ ಉಪನ್ಯಾಸಕರು ಈ 0.99ರ ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸಿದರೆ ಹುಡುಗರು ನಗದೆ ಕೇಳುತ್ತಾರೆಂದು ನನ್ನ ಅಂದಾಜು.

ಖಾತೆಗೆ ಈಗಾಗಲೇ ತಡೆ ಬಿದ್ದಿರುವವರಿಗೆ ಒಂದು ಮಾತು. ಬ್ಯಾಂಕಿನ ಶಾಖೆಯಲ್ಲಿ ಜಗಳವಾಡಿ ಪ್ರಯೋಜನವಿಲ್ಲ. ತಡೆ ಹಾಕಿಸಿದ ಠಾಣೆ ಯಾವುದು, ದೂರಿನ ಸಂಖ್ಯೆ ಎಷ್ಟು, ತಡೆಹಿಡಿದದ್ದು ಪೂರ್ತಿ ಖಾತೆಯನ್ನೋ ವಿವಾದದ ಮೊತ್ತವನ್ನಷ್ಟೇಯೋ ಎಂಬ ಮೂರು ವಿಷಯಗಳನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಯುಎಸ್‌ಡಿಟಿ ಮಾರಿದ ದಿನದ ಚಾಟ್, ವಹಿವಾಟಿನ ಸಂಖ್ಯೆ, ಸ್ಟೇಟ್‌ಮೆಂಟ್ ಯಾವುದನ್ನೂ ನಾಚಿಕೆಗೆ ಅಳಿಸಬೇಡಿ. ಕ್ರಿಪ್ಟೊ ಮಾರಿ ಬಂದ ಲಾಭಕ್ಕೆ 2022ರ ಏಪ್ರಿಲ್‌ನಿಂದ ಶೇಕಡಾ 30 ತೆರಿಗೆಯಿದೆ, ಒಂದು ವ್ಯವಹಾರದ ನಷ್ಟವನ್ನು ಇನ್ನೊಂದರ ಲಾಭದಿಂದ ಕಳೆಯುವಂತಿಲ್ಲ. ಆದ್ದರಿಂದ ಒಟ್ಟಿನಲ್ಲಿ ಸೋತವನೂ ರಿಟರ್ನ್‌ನಲ್ಲಿ ಅದನ್ನು ತೋರಿಸಬೇಕಾಗಿ ಬರಬಹುದು. ಈ ಮಾತನ್ನು ಹೇಳಿದಾಗಲೇ ಆ ಅಡತ್ ಅಂಗಡಿಯ ಯಜಮಾನರು ಮಗನ ಕಡೆ ತಿರುಗಿ ನಿಜವಾಗಿ ಸಿಟ್ಟಾದದ್ದು.