ಪಿಟಿ ಪೀರಿಯಡ್ ಕಿತ್ಕೊಂಡ್ರೆ ಮಗು ಎಲ್ಲಿ ಓಡ್ಬೇಕು?

ನನ್ ಮಗಳು ಎರಡನೇ ಕ್ಲಾಸು. ಟೈಮ್‌ಟೇಬಲ್‌ನಲ್ಲಿ ವಾರಕ್ಕೆರಡು ಪಿಟಿ ಇದೆ, ಆದ್ರೆ ಟೆಸ್ಟ್ ಹತ್ರ ಬಂತು ಅಂದ್ರೆ ಅದೂ ಮ್ಯಾಥ್ಸ್ ಆಗ್ಬಿಡುತ್ತೆ, ಕೇಳಿದ್ರೆ ‘ಪೋರ್ಷನ್ ಮುಗಿದಿಲ್ಲ ಸರ್’ ಅಂತಾರೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷನಾದ್ರೂ ಏದುಸಿರು ಬರೋ ಹಾಗೆ ಆಡ್ಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ನಮ್ ಮಕ್ಕಳಿಗೆ ವಾರಕ್ಕೆ 60 ನಿಮಿಷ ಸಿಕ್ಕಿದ್ರೆ ಪುಣ್ಯ.

ಆಡಿದ್ರೆ ಮೂಳೆ ಗಟ್ಟಿಯಾಗುತ್ತೆ, ಚೆನ್ನಾಗಿ ಉಣ್ತಾರೆ, ರಾತ್ರಿ ಕಾಟ ಕೊಡದೆ ಮಲಗ್ತಾರೆ, ಇದೆಲ್ಲ ಗೊತ್ತಿರೋದೆ ಬಿಡಿ.

ಬೇಸಿಗೆ ರಜೆಗೆ ಅಜ್ಜಿ ಊರಿಗೆ ಹೋದಾಗ ಅಲ್ಲಿನ ಮಕ್ಕಳು ಇವಳನ್ನ ಖೋ ಖೋಗೆ ಸೇರಿಸ್ಕೊಂಡ್ರು. ಎಂಟು ಜನ ಸಾಲಾಗಿ ಕೂರೋದು, ಒಬ್ಬರು ಆ ಕಡೆ ಮುಖ ಇನ್ನೊಬ್ಬರು ಈ ಕಡೆ, ಒಂಬತ್ತನೆಯವರು ಎದುರು ಟೀಮಿನವರನ್ನ ಅಟ್ಟಿಸ್ಕೊಂಡು ಹೋಗೋದು. ಹಿಂದಿನಿಂದ ‘ಖೋ’ ಅಂತ ಮುಟ್ಟೋ ತನಕ ಏಳೋ ಹಾಗಿಲ್ಲ, ಎದ್ದು ಒಂದ್ ದಿಕ್ಕಿಗೆ ಓಡಿದ್ಮೇಲೆ ಸಾಲಿನ ತುದೀಲಿರೋ ಕಂಬ ಸುತ್ತದೆ ವಾಪಸ್ ತಿರುಗೋ ಹಾಗಿಲ್ಲ. ಇವಳು ಮೊದಲನೇ ದಿನ ಖೋ ಬರೋಕ್ ಮುಂಚೆನೇ ಎದ್ಲು, ಫೌಲು, ‘ಏ ಬೆಂಗ್ಳೂರು, ಕೂತ್ಕೊಳೇ’ ಅಂತ ಎಲ್ಲಾ ಕಿರುಚಿದ್ರು, ಅಳ್ತಾ ಬಂದು ಅಜ್ಜಿ ಸೆರಗು ಹಿಡ್ಕೊಂಡ್ಳು. ನಾಲ್ಕನೇ ದಿನ ನೋಡ್ತೀನಿ, ಕುಕ್ಕರಗಾಲಲ್ಲಿ ಕೂತು, ಎರಡೂ ಕೈ ನೆಲಕ್ಕೂರಿ, ಕಣ್ಣು ಮಾತ್ರ ಓಡೋರ ಹಿಂದೆ! ಮನೇಲಿ ಎರಡು ನಿಮಿಷ ಒಂದ್ಕಡೆ ಕೂರದ ಹುಡುಗಿ ಇವಳು. ಸುಮ್ನೆ ಕೂರೋದನ್ನ ಕಲಿಸಿದ್ದು ಓಡೋ ಆಟ ನೋಡಿ, ನನಗಂತೂ ನಗು ಬಂತು.

ಇನ್ನೊಂದು, ಔಟ್ ಆದ್ರೆ ಔಟ್, ಅಲ್ಲಿ ಅಪ್ಪ ಬಂದು ರೆಕಮಂಡೇಶನ್ ಮಾಡಕ್ಕಾಗಲ್ಲ.

ಇದಕ್ಕೆ ಕಿಟ್ಟು ಬೇಡ, ತಿಂಗಳ ಕೋಚಿಂಗ್ ಫೀಸೂ ಬೇಡ. 2025ರ ಜನವರೀಲಿ ದೆಹಲೀಲಿ ಮೊದಲ ಖೋ ಖೋ ವರ್ಲ್ಡ್ ಕಪ್ ಆಯ್ತಲ್ಲ, ಗೆದ್ದ ನಮ್ ಮಹಿಳಾ ಟೀಮಲ್ಲಿದ್ದ ಚೈತ್ರಾ, ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಹುಡುಗಿ. ಎಲ್ಲಾ ಮಕ್ಕಳೂ ಅಲ್ಲಿಗೆ ಹೋಗ್ಬೇಕು ಅಂತಲ್ಲ, ದಯವಿಟ್ಟು ಏಳು ವರ್ಷದ ಮಗೂನ ಮೆಡಲ್ಲಿಗೆ ಕಳಿಸ್ಬೇಡಿ, ಆಟಕ್ಕೆ ಕಳಿಸಿ ಸಾಕು.

ಮೊನ್ನೆ ಭಾನುವಾರ ನಮ್ ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಚಾಕ್‌ಪೀಸ್‌ನಲ್ಲಿ ಗೆರೆ ಎಳೆದಿದ್ಲು. ಆಡೋಕೆ ಮಕ್ಕಳು ಸಾಲ್ಲಿಲ್ಲ. ‘ಅಪ್ಪ, ನೀನೂ ಕೂತ್ಕೋ’ ಅಂದ್ಳು. ಕೂತೆ. ಅವಳು ಖೋ ಕೊಟ್ಲು, ನನಗೆ ಏಳಕ್ಕಾಗ್ಲಿಲ್ಲ, ಮಂಡಿ ಹಿಡ್ಕೊಂಡಿತ್ತು 😅