ಗುಂಡಿಗೆ ಬೇಡ, ತಾರೀಖು ಹೇಳಿ

ನಿನ್ನೆಯಿಂದ ಮೈ ಉರೀತಿದೆ. ಇಲ್ಲಿ ಬರೆದಾದರೂ ಇಳಿಸಿಕೊಳ್ತೇನೆ. ಉದ್ದ ಆದರೆ ಬೈಯಬೇಡಿ.

ನಮ್ಮ ನೆಂಟರ ವಾಟ್ಸಾಪ್ ಗ್ರೂಪಿನ ಗೋಳು ನಿಮಗೆಲ್ಲ ಗೊತ್ತೇ ಇದೆ. ನಿನ್ನೆ ಅಣ್ಣನ ಮಗ ಅದರಲ್ಲಿ ಒಂದು ಸ್ಕ್ರೀನ್‌ಶಾಟ್ ಹಾಕಿದ. ಅವನ ಮ್ಯೂಚುವಲ್ ಫಂಡುಗಳ ಪಟ್ಟಿ. ಬಲಗಡೆ ಪೂರ್ತಿ ಕೆಂಪು, ಮೇಲೆ ದಪ್ಪಕ್ಷರದಲ್ಲಿ ಮೈನಸ್ 12 ಪರ್ಸೆಂಟ್. ಕೆಳಗೆ ಒಂದೇ ಸಾಲು: "ಏನ್ ಮಾಡ್ಲಿ?"

ಎರಡು ನಿಮಿಷ ಆಗಿರಲಿಲ್ಲ, ಗ್ರೂಪಿನ ಹಿರಿಯರೊಬ್ಬರು ಹಾಜರ್. "ಗುಂಡಿಗೆ ಇಲ್ಲದವರು ಮಾರ್ಕೆಟ್ ಕಡೆ ತಲೆ ಹಾಕಬಾರದು ಮಗಾ. ಬಿದ್ದಾಗ ಕೊಳ್ಳೋನೇ ಗಂಡಸು." ಅದಕ್ಕೆ ಹದಿನೇಳು ಹೆಬ್ಬೆಟ್ಟು. ಒಬ್ಬರು ಸಿಂಹದ ಚಿತ್ರ ಬೇರೆ ಹಾಕಿದರು.

ಹದಿನೇಳು ಜನರಲ್ಲಿ ಒಬ್ಬರಾದರೂ "ಈ ದುಡ್ಡು ನಿನಗೆ ಯಾವಾಗ ಬೇಕಪ್ಪಾ?" ಅಂತ ಕೇಳಲಿಲ್ಲ.

ನಾನು ಅವನಿಗೆ ಬೇರೆ ಮೆಸೇಜ್ ಮಾಡಿ ಕೇಳಿದೆ. "ಅರ್ಧ ಸುಮ್ನೆ ಉಳಿತಾಯ ಅತ್ತೆ. ಇನ್ನರ್ಧ ಕೋರ್ಸಿನ ಫೀಸು. ನಾಲ್ಕು ತಿಂಗಳಲ್ಲಿ ಕಟ್ಟಬೇಕು" ಅಂದ. ನಾಲ್ಕು ತಿಂಗಳು! ಅಷ್ಟು ಹತ್ತಿರದ ದುಡ್ಡನ್ನು ಷೇರಿನಲ್ಲಿ ಇಟ್ಟವನಿಗೆ ಸಿಂಹದ ಚಿತ್ರ ತಗೊಂಡು ಏನಾಗಬೇಕು? ಫೀಸಿನ ಕೌಂಟರಿನಲ್ಲಿ ಗುಂಡಿಗೆ ತೋರಿಸಿದರೆ ರಸೀತಿ ಕೊಡ್ತಾರಾ?

ನನಗೆ ಸಿಟ್ಟು ಬರೋದು ಇಲ್ಲೇ. ಹೂಡಿಕೆ ಇಳಿದಾಗೆಲ್ಲ ನಾವು ಅದನ್ನು ಮನುಷ್ಯನ ಗುಣದ ಪ್ರಶ್ನೆ ಮಾಡಿಬಿಡ್ತೇವೆ. ಹಿಡಿದುಕೊಂಡವನು ಧೀರ, ಮಾರಿದವನು ಪುಕ್ಕಲ. ಇಪ್ಪತ್ತು ವರ್ಷ ಬೇರೆಯವರ ಲೆಕ್ಕ ಬರೆದು ಕಣ್ಣು ಸವೆಸಿಕೊಂಡವಳು ನಾನು. ಯಾವ ಲೆಡ್ಜರಿನಲ್ಲೂ ಧೈರ್ಯಕ್ಕೆ ಅಂತ ಒಂದು ಕಾಲಮ್ ನೋಡಿಲ್ಲ. ತಾರೀಖಿಗೆ ಇದೆ. ಅದೂ ಎಡಗಡೆ, ಮೊದಲನೇ ಕಾಲಮ್ಮೇ.

ಈಗ ನನ್ನ ಕಥೆ ಹೇಳ್ತೇನೆ. ಮನೆಯಲ್ಲಿ ಇಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. 2020ರ ಮಾರ್ಚ್‌ನಲ್ಲಿ ನಾನೂ ಮಾರಿದೆ.

ಹೌದು, ನಾನೇ. ನಿಮಗೆಲ್ಲ ಎಸ್‌ಐಪಿ (ತಿಂಗಳು ತಿಂಗಳು ಫಂಡಿಗೆ ಕಂತು ಹಾಕೋದು) ಪಾಠ ಹೇಳ್ತಿದ್ದ ಇದೇ ಮಹಾತಾಯಿ. ಆಗ ಜಗತ್ತಿನ ಮಾರುಕಟ್ಟೆಗಳೆಲ್ಲ ಒಟ್ಟಿಗೆ ಕುಸಿದಿದ್ದವು. ಅಮೆರಿಕದ ದೊಡ್ಡ ಕಂಪನಿಗಳ ಷೇರು ಬೆಲೆ ಅಳೆಯುವ ಎಸ್ ಅಂಡ್ ಪಿ 500 ಸೂಚ್ಯಂಕ ಫೆಬ್ರವರಿ 19ರಿಂದ ಮಾರ್ಚ್ 23ರ ಒಳಗೆ ಸುಮಾರು ಶೇ. 34 ಇಳಿದಿತ್ತು. ರಾತ್ರಿ ಎರಡು ಗಂಟೆ. ಪಕ್ಕದವರಿಗೆ ಬೆಳಕು ಬೀಳದಿರಲಿ ಅಂತ ಹೊದಿಕೆಯೊಳಗೆ ಫೋನ್ ಹಿಡಿದು ಕೂತಿದ್ದೆ. ಹೆಬ್ಬೆರಳಿನಿಂದ ಪರದೆ ಕೆಳಕ್ಕೆ ಎಳೆಯೋದು, ಬಿಡೋದು, ಚಕ್ರ ತಿರುಗೋದು. ಆ ಹೊತ್ತಿನಲ್ಲಿ ಮಾರುಕಟ್ಟೆ ಮುಚ್ಚಿರುತ್ತೆ, ನಂಬರ್ ಬದಲಾಗೋದೇ ಇಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಆದರೂ ಎಳೀತಾ ಇದ್ದೆ. ಕೊನೆಗೆ ಎಲ್ಲವನ್ನೂ ಮಾರೋದಕ್ಕೆ ಆರ್ಡರ್ ಹಾಕಿದೆ. "ಖಚಿತವೇ?" ಅಂತ ಕೇಳಿತು. ಹೌದು ಒತ್ತಿದೆ. ನಿಜ ಹೇಳ್ತೇನೆ, ಆ ಕ್ಷಣಕ್ಕೆ ಹಲ್ಲುನೋವು ಬಿಟ್ಟಷ್ಟು ಹಿತವಾಯಿತು.

ಅದೇ ಮಾರ್ಚ್‌ನಲ್ಲಿ ನನ್ನ ತಂಗಿ ಒಂದು ಯೂನಿಟ್ಟೂ ಮಾರಲಿಲ್ಲ. ಅವಳೇನು ವೀರವನಿತೆಯಾ? ಜಿರಳೆ ಕಂಡರೆ ಮಂಚ ಹತ್ತುವವಳು! ಅವಳ ಖಾತೆಯಲ್ಲಿ ಒಂದು ವರ್ಷದ ಮನೆ ಖರ್ಚು ಬೇರೆಯಾಗಿ ಇತ್ತು, ಅಷ್ಟೇ. ನನ್ನ ಖಾತೆಯಲ್ಲಿ ಆರು ವಾರಕ್ಕೂ ಸಾಲುತ್ತಿರಲಿಲ್ಲ, ಮುಂದಿನ ತಿಂಗಳ ಸಂಬಳ ಬರುತ್ತೋ ಇಲ್ವೋ ಗೊತ್ತಿರಲಿಲ್ಲ. ನಮ್ಮಿಬ್ಬರ ನಡುವೆ ಇದ್ದ ವ್ಯತ್ಯಾಸ ಗುಂಡಿಗೆಯದ್ದಲ್ಲ, ಹತ್ತು ಹನ್ನೊಂದು ತಿಂಗಳ ಖರ್ಚಿನದ್ದು.

ಮಾರಿದ್ದಕ್ಕಿಂತ ದೊಡ್ಡ ತಪ್ಪು ಮಾಡಿದ್ದು ಆಮೇಲೆ. ಏಪ್ರಿಲ್‌ನಲ್ಲಿ ಏರತೊಡಗಿದಾಗ "ಇದು ಸುಳ್ಳು ಏರಿಕೆ, ಇನ್ನೊಂದು ಸಲ ಬೀಳುತ್ತೆ, ಆಗ ಹಾಕೋಣ" ಅಂದುಕೊಂಡೆ. ಬೀಳಲಿಲ್ಲ. ಮೇನಲ್ಲೂ ಅದೇ ಜಪ. ಆಗಸ್ಟ್‌ನಲ್ಲಿ ಎಸ್ ಅಂಡ್ ಪಿ ಹೊಸ ದಾಖಲೆಯನ್ನೇ ಬರೆಯಿತು. ನಾನಿನ್ನೂ ದಡದಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ. ಮಾರೋದಕ್ಕೆ ಒಂದು ರಾತ್ರಿ ಸಾಕಾಗಿತ್ತು, ಮತ್ತೆ ಒಳಗೆ ಹೋಗೋದಕ್ಕೆ ಒಂದೂವರೆ ವರ್ಷ ಬೇಕಾಯಿತು. ಆ ಒಂದೂವರೆ ವರ್ಷದ ಲೆಕ್ಕ ನಾನು ಹಾಕಿಲ್ಲ. ಹಾಕೋದೂ ಇಲ್ಲ.

ಇಳಿತ ನೋಡಿ ಹೊಟ್ಟೆ ಕಿವುಚೋದು ನಾಚಿಕೆಯ ವಿಷಯವೇ ಅಲ್ಲ. ಕಾನೆಮನ್ ಮತ್ತು ಟ್ವರ್ಸ್ಕಿ ಅನ್ನೋ ಮನಶ್ಶಾಸ್ತ್ರಜ್ಞರು 1979ರಲ್ಲೇ ಇದನ್ನು ತೋರಿಸಿದ್ದರು. 1992ರಲ್ಲಿ ಅವರೇ ಹಾಕಿದ ಲೆಕ್ಕದಲ್ಲಿ, ಅಷ್ಟೇ ಮೊತ್ತದ ಲಾಭ ಕೊಡುವ ಖುಷಿಗಿಂತ ನಷ್ಟದ ನೋವು ಎರಡು ಪಟ್ಟಿಗೂ ಸ್ವಲ್ಪ ಜಾಸ್ತಿ. ಇದರ ಮೇಲೆ ನಮ್ಮ ದಿನಕ್ಕೆ ಹತ್ತು ಸಲ ನೋಡುವ ಚಾಳಿ. ಅದೇ ಎಸ್ ಅಂಡ್ ಪಿಯನ್ನು ದಿನದ ಲೆಕ್ಕದಲ್ಲಿ ನೋಡಿದರೆ ಹೆಚ್ಚುಕಮ್ಮಿ ಅರ್ಧದಷ್ಟು ದಿನ ಕೆಂಪೇ. ವರ್ಷದ ಲೆಕ್ಕದಲ್ಲಿ ನೋಡಿದರೆ ಸುಮಾರು ನಾಲ್ಕರಲ್ಲಿ ಒಂದು ವರ್ಷ ಕೆಂಪು. ಸೂಚ್ಯಂಕ ಒಂದೇ, ದಿನಾ ನೋಡುವವನಿಗೆ ಪೆಟ್ಟು ಜಾಸ್ತಿ. ಅದಕ್ಕೇ ಫೋನಿನಿಂದ ಆ ಆ್ಯಪ್ ತೆಗೆದುಹಾಕಿದ್ದೇನೆ. ನೋಡಲೇಬೇಕು ಅನ್ನಿಸಿದರೆ ಲ್ಯಾಪ್‌ಟಾಪ್ ತೆರೆದು, ಮರೆತ ಪಾಸ್‌ವರ್ಡ್ ಹುಡುಕಬೇಕು. ಸೋಮಾರಿತನ ಎಷ್ಟು ಒಳ್ಳೆಯ ಗುಣ ಅಂತ ಆಗ ಗೊತ್ತಾಗುತ್ತೆ.

ಈಗ ಹಿರಿಯರ ಪರವಾಗಿ ಒಂದು ಮಾತು ಬರುತ್ತೆ, ನನಗೆ ಗೊತ್ತು. "ಅವರು ಹೇಳಿದ್ದು ಸರಿ ಅಲ್ವಾ? ದೀರ್ಘಾವಧಿಯಲ್ಲಿ ಎಲ್ಲ ಮೇಲೇ ಬರುತ್ತೆ." ಬರುತ್ತೆ, ಸಾಮಾನ್ಯವಾಗಿ ಬಂದಿದೆ. ಯಾರ ಅವಧಿ ಎಷ್ಟು ದೀರ್ಘ, ಅದನ್ನು ಹೇಳಿ. 1929ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಡೌ ಜೋನ್ಸ್ ಸೂಚ್ಯಂಕ ಇದ್ದ ಮಟ್ಟ ಮತ್ತೆ ಕಂಡದ್ದು 1954ರ ನವೆಂಬರ್‌ನಲ್ಲಿ. ಜಪಾನಿನ ನಿಕ್ಕೆ ಸೂಚ್ಯಂಕ 1989ರ ಕೊನೆಯಲ್ಲಿ ಏರಿದ್ದ ಎತ್ತರ ದಾಟಿದ್ದು 2024ರ ಫೆಬ್ರವರಿಯಲ್ಲಿ. 34 ವರ್ಷ. ಡಿವಿಡೆಂಡ್ (ಕಂಪನಿಗಳು ಷೇರುದಾರರಿಗೆ ಹಂಚುವ ಲಾಭ) ಸೇರಿಸಿದರೆ ಇಷ್ಟು ಕೆಟ್ಟದಾಗಿ ಕಾಣಲ್ಲ, ತಿಂಗಳು ತಿಂಗಳು ಹಾಕಿದವರ ಕಥೆ ಬೇರೆ ಅಂತ ಕಾಮೆಂಟಿನಲ್ಲಿ ತಿದ್ದಲು ಬರುವವರಿಗೆ ಮೊದಲೇ ನಮಸ್ಕಾರ. ನಿಮ್ಮ ಮಾತು ಸರಿ. ಆದರೂ ನಾಲ್ಕು ತಿಂಗಳಲ್ಲಿ ಫೀಸು ಕಟ್ಟುವ ಹುಡುಗನಿಗೆ ಅದರಿಂದ ಏನು ಸಿಕ್ಕಿತು?

ಮತ್ತೆ ಆ "ಬಿದ್ದಾಗ ಕೊಳ್ಳಿ". ಯಾವ ದುಡ್ಡಲ್ಲಿ ಸ್ವಾಮಿ? ಕೈಯಲ್ಲಿದ್ದದ್ದೆಲ್ಲ ಮೊದಲೇ ಹಾಕಿ ಆಗಿದೆ, ಅದೇ ತಾನೇ ಬಿದ್ದಿರೋದು! ತಿಂಗಳ ಕಂತು ಅದರ ಪಾಡಿಗೆ ಹೋಗ್ತಿರಲಿ, ಕಡಿಮೆ ಬೆಲೆಗೆ ಜಾಸ್ತಿ ಯೂನಿಟ್ ಬರುತ್ತೆ, ಒಪ್ಪಿದೆ. ಸಾಲ ಮಾಡಿ ಕೊಳ್ಳಿ ಅಂದರೆ ಮಾತ್ರ ನನ್ನ ಬಾಯಿ ಕೆಟ್ಟದಾಗುತ್ತೆ.

ಅಂದಹಾಗೆ, ಆ ಹಿರಿಯರಿಗೆ ತಿಂಗಳಾದರೆ ಪಿಂಚಣಿ ಬರುತ್ತೆ, ಸ್ವಂತ ಮನೆ ಇದೆ, ಫೀಸು ಕಟ್ಟುವ ವಯಸ್ಸಿನ ಮಕ್ಕಳಿಲ್ಲ. ಆ ಜಾಗದಲ್ಲಿ ಕೂತರೆ ನನ್ನ ಗುಂಡಿಗೆಯೂ ಗಟ್ಟಿಯೇ.

ಅಣ್ಣನ ಮಗನ ಜೊತೆ ರಾತ್ರಿ ಫೋನಿನಲ್ಲಿ ಲೆಕ್ಕ ಹಾಕಿದೆ. 100 ಇದ್ದದ್ದು 88 ಆಗಿದೆ. ಮತ್ತೆ 100 ಆಗಲು ಶೇ. 12 ಅಲ್ಲ, ಹೆಚ್ಚುಕಮ್ಮಿ ಶೇ. 14 ಏರಬೇಕು. ನಾಲ್ಕು ತಿಂಗಳಲ್ಲಿ ಏರಬಹುದು, ಇನ್ನೂ ಇಳಿಯಲೂಬಹುದು. ಫೀಸಿಗೆ ಎಷ್ಟು ಬೇಕೋ ಅಷ್ಟು ಇವತ್ತೇ ಮಾರಿ ಬ್ಯಾಂಕಿನಲ್ಲಿಡು, ಉಳಿದದ್ದನ್ನು ಮುಟ್ಟಬೇಡ ಅಂದೆ. "ನಷ್ಟದಲ್ಲಿ ಮಾರೋದಾ ಅತ್ತೆ?" ಅಂತ ಎರಡು ಸಲ ಕೇಳಿದ. ಫೀಸು ಕಟ್ಟುವ ಗಡುವು ಯಾವತ್ತು ಅಂತ ನಾನೂ ಎರಡು ಸಲ ಕೇಳಿದೆ. ಬೆಳಿಗ್ಗೆ ಮಾರಿದ.

ಈಗ ಸಂಜೆ ಇನ್ನೊಂದು ಸ್ಕ್ರೀನ್‌ಶಾಟ್ ಬಂದಿದೆ. ಗ್ರೂಪಿಗೆ ಅಲ್ಲ, ನನಗೊಬ್ಬಳಿಗೇ. "ಅತ್ತೆ, ನಾನು ಮಾರಿದ ಮೇಲೆ ಶೇ. 2 ಏರಿತು!"

ಏನು ಬರೆಯಬೇಕೋ ತೋಚಲಿಲ್ಲ. ಫೀಸು ಕಟ್ಟಿದ ದಿನ ರಸೀತಿಯ ಫೋಟೋ ಕಳಿಸು ಅಂದೆ.