ಸೋತರೆ ಸಾಕು, ಎದುರಿನವರು ಕಳ್ಳರಾ?

ನಿನ್ನೆ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಚಹಾದಂಗಡಿಯಲ್ಲಿ ಟಿವಿಯಲ್ಲಿ ಕ್ರಿಕೆಟ್ ನೋಡುವಾಗ ಮತ್ತೆ ಅದೇ ಕೂಗು. ಸ್ಟಂಪ್‌ಗೆ ಹೋಗುವ ಚೆಂಡು ಕಾಲಿಗೆ ಬಡಿದು ನಮ್ಮವನು ಎಲ್‌ಬಿಡಬ್ಲ್ಯೂ ಔಟ್ ಆದ ತಕ್ಷಣ "ಅಂಪೈರ್ ರೊಕ್ಕ ತಿಂದಾನ!" ಚೆಂಡು ಸ್ಟಂಪ್‌ಗೆ ಬಡಿಯೋದನ್ನ ಟಿವಿ ತೋರಿಸಿದರೆ "ಅದೂ ಮೋಸನೇ" ಅಂತಾರೆ. ಸಾಕಾಗಿದೆ! ಅವರ ಚೆಂಡು ತಿರುಗಿದರೆ ಪಿಚ್ ಮೋಸ, ಗಾಳಿಯಲ್ಲೇ ಬಾಗಿ ಸ್ವಿಂಗ್ ಆದರೆ ಚೆಂಡು ಕೆರೆದಿದ್ದಾರೆ. ನಮ್ಮವರು ಮಾಡಿದರೆ ಮಾತ್ರ ಕೈಚಳಕನಾ? 2018ರಲ್ಲಿ ಕೇಪ್‌ಟೌನ್‌ನಲ್ಲಿ ಆಸ್ಟ್ರೇಲಿಯಾದವರು ಚೆಂಡಿಗೆ ಸ್ಯಾಂಡ್‌ಪೇಪರ್ ತಿಕ್ಕಲು ಹೋಗಿದ್ದು ಮೋಸವೇ. ಅವರ ನಾಯಕ ಸ್ಮಿತ್, ಉಪನಾಯಕ ವಾರ್ನರ್ ನಿಷೇಧಕ್ಕೊಳಗಾಗಿ ಒಂದು ವರ್ಷ ಹೊರಗೆ ಕೂತರು. ಅಷ್ಟಕ್ಕೆ ಎಲ್ಲರೂ ಕಳ್ಳರಾ?

1980ರ ಮುಂಬೈ ಟೆಸ್ಟ್‌ನಲ್ಲಿ ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ನಾಯಕರು. ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ವಾಪಸ್ ಕರೆದು ಆಡಿಸಿದರು. ಪಂದ್ಯ ಸೋತೆವು. ಅಂಥವರ ಹೆಸರು ಹೇಳಿ ಎದೆ ತಟ್ಟಿಕೊಳ್ಳುವವರಿಗೆ, ಎದುರಿನವರ ಒಂದು ಒಳ್ಳೆ ಚೆಂಡಿಗೆ ಚಪ್ಪಾಳೆ ತಟ್ಟೋಕೆ ಏನು ಕಷ್ಟ?